ಹೆರಿಗೆ ಕೋಣೆಗೆ ಮಾರ್ಕ್ಸ್ ಹಾಕೋದು ಹೇಗೆ?

ಸೇಡಂ, ಚಿತ್ತಾಪುರ, ಚಿಂಚೋಳಿ ಥರದ ತಾಲ್ಲೂಕುಗಳ ಸರ್ಕಾರಿ ಆಸ್ಪತ್ರೆಗಳ ಗುಣಮಟ್ಟ ಅಳೆಯೋಕೆ ಕೇಂದ್ರದ ಅಳತೆಗೋಲೊಂದಿದೆ, ಎನ್‌ಕ್ವಾಸ್ ಅಂತ. ವಿಭಾಗಕ್ಕೊಂದು ಚೆಕ್‌ಲಿಸ್ಟ್, ಪ್ರತಿ ಅಂಶಕ್ಕೆ 0, 1 ಅಥವಾ 2 ಅಂಕ. ಪರಿಶೀಲಕರು ಕಣ್ಣಾರೆ ನೋಡ್ತಾರೆ, ದಾಖಲೆ ತೆಗೆಸ್ತಾರೆ, ಸಿಬ್ಬಂದಿ, ರೋಗಿ ಇಬ್ಬರನ್ನೂ ಮಾತಾಡಿಸ್ತಾರೆ. 2017ರ ‘ಲಕ್ಷ್ಯ’ ಯೋಜನೆಯಲ್ಲಿ ಶೇ. 90 ದಾಟಿದ ಹೆರಿಗೆ ಕೋಣೆಗೆ ಪ್ಲಾಟಿನಂ ಬ್ಯಾಡ್ಜ್.

ಬ್ಯಾಡ್ಜ್ ಸರಿ. ಆದರೆ 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ಸತ್ತಾಗ ಅನುಮಾನ ಬಿದ್ದದ್ದು ರಿಂಗರ್ ಲ್ಯಾಕ್ಟೇಟ್ ಡ್ರಿಪ್ ಮೇಲೆ. ಅದನ್ನ ಖರೀದಿಸಿದ್ದು ಸರ್ಕಾರಿ ನಿಗಮ. ವಾರ್ಡ್ ಎಷ್ಟೇ ಫಳಫಳ ಅನ್ನಲಿ, ಬಾಟಲಿ ಒಳಗೇನಿದೆ ಅಂತ ಸಿಸ್ಟರ್ ಪರೀಕ್ಷೆ ಮಾಡೋಕಾಗಲ್ಲ. ಬ್ಯಾಚ್ ನಂಬರ್ ಬರೆದಿಡಬಹುದು. ಮೊದಲ ರೋಗಿಗೆ ತೊಂದರೆ ಕಂಡ ಕೂಡಲೇ ಆ ಬ್ಯಾಚ್ ನಿಲ್ಲಿಸಿ ವರದಿ ಕಳಿಸಬಹುದು.

ಹಾಗಾಗಿ ನಿಮ್ಮೂರ ಆಸ್ಪತ್ರೆಯ ಅಂಕದ ಜತೆಗೆ ಔಷಧ ಅಡ್ಡಪರಿಣಾಮದ ರಿಜಿಸ್ಟರ್ ಬಗ್ಗೆಯೂ ಕೇಳಿ. ಅದು ವರ್ಷಗಟ್ಟಲೆ ಖಾಲಿ ಇದ್ದರೆ, ನನ್ನ ಪ್ರಕಾರ ಅದು ಒಳ್ಳೇ ಸುದ್ದಿ ಅಲ್ಲ.