ಮೊದಲ ಕಿಡಿ ಎಲ್ಲಿಂದ ಬಂತು?

ಸುದ್ದಿಗೆ ಬರ ಬಂದಾಗಲೆಲ್ಲ ಟಿ.ವಿ. ವಾಹಿನಿಗಳಲ್ಲಿ ‘ತಾನಾಗಿಯೇ ಹೊತ್ತಿ ಉರಿದ ಮನುಷ್ಯ’ ಎದ್ದು ಬರುತ್ತಾನೆ. 2013ರಲ್ಲಿ ತಮಿಳುನಾಡಿನ ವಿಳುಪ್ಪುರಂ ಕಡೆಯ ಹಸುಗೂಸಿನ ಸುಟ್ಟಗಾಯಗಳಿಗೂ ಇದೇ ಹಣೆಪಟ್ಟಿ ಹಚ್ಚಿದರು. ಚೆನ್ನೈನ ಕಿಲ್ಪಾಕ್ ಆಸ್ಪತ್ರೆಯ ಪರೀಕ್ಷೆಗಳಲ್ಲಿ ಅಸಹಜವಾದದ್ದೇನೂ ಸಿಗಲಿಲ್ಲ. ಆ ಸುದ್ದಿ ಮಾತ್ರ ಅಷ್ಟು ಓಡಲಿಲ್ಲ. ನ್ಯಾಯವೈದ್ಯಶಾಸ್ತ್ರದ ಪಾಠ ಹೇಳುವ ನಮ್ಮಂಥವರಿಗೆ ಇದು ಬೇಸರದ ವಿಷಯ. ಈ ‘ರಹಸ್ಯ’ದ ದೊಡ್ಡ ಭಾಗ ಬಗೆಹರಿದು ದಶಕಗಳೇ ಆಗಿವೆ.

ಹದಿನೆಂಟನೇ ಶತಮಾನದ್ದು ಬಹುಪಾಲು ಕಥೆಯೇ. 1731ರಲ್ಲಿ ಇಟಲಿಯ ಚೆಜೆನಾದಲ್ಲಿ ಕೌಂಟೆಸ್ ಕೊರ್ನೇಲಿಯಾ ಬಾಂಡಿ ಬೂದಿಯಾದಳು, ಕಾಲುಗಳು ಉಳಿದವು. 1800ರಲ್ಲಿ ಫ್ರಾನ್ಸಿನ ಲೇರ್ ಇಂಥ ವರದಿಗಳನ್ನೆಲ್ಲ ಕಲೆಹಾಕಿ, ಹೀಗೆ ಸುಡುವವರು ಹೆಚ್ಚಾಗಿ ಕುಡುಕ ಮುದುಕಿಯರು ಎಂದ. ಪಾನನಿರೋಧದವರಿಗೆ ಇದಕ್ಕಿಂತ ಒಳ್ಳೆಯ ಅಸ್ತ್ರ ಬೇಕಿರಲಿಲ್ಲ. ಡಿಕನ್ಸ್ ತನ್ನ ‘ಬ್ಲೀಕ್ ಹೌಸ್’ನಲ್ಲಿ ಒಬ್ಬನನ್ನು ಹೀಗೇ ಸುಟ್ಟು, ತಪ್ಪೆಂದ ವಿಮರ್ಶಕನೊಂದಿಗೆ ಜಗಳಕ್ಕೂ ನಿಂತ.

ಅಷ್ಟರಲ್ಲಾಗಲೇ ಡಾರ್ಮ್‌ಸ್ಟಾಟ್‌ನ ಪ್ರಕರಣ ಕಣ್ಣು ತೆರೆಸಬೇಕಿತ್ತು. 1847ರಲ್ಲಿ ಅಲ್ಲಿನ ಕೌಂಟೆಸ್ ಗೋರ್ಲಿಟ್ಜ್ ಸುಟ್ಟ ಸ್ಥಿತಿಯಲ್ಲಿ ಸಿಕ್ಕಾಗ ಸ್ವಯಂದಹನದ ಮಾತೂ ಬಂತು. ಮದ್ಯದಲ್ಲಿ ವರ್ಷಗಟ್ಟಲೆ ಮುಳುಗಿಸಿಟ್ಟ ಮಾಂಸವೂ ತಾನಾಗಿ ಉರಿಯದು ಎಂದು ರಸಾಯನಶಾಸ್ತ್ರಜ್ಞ ಲೀಬಿಗ್ ವಾದಿಸಿದ. 1850ರ ವಿಚಾರಣೆಯಲ್ಲಿ ಮನೆಯ ಆಳು ಕೊಲೆಗಾರನೆಂದು ಸಾಬೀತಾಯಿತು. ಶವಕ್ಕೆ ಬೆಂಕಿಯಿಟ್ಟವನೂ ಅವನೇ.

ನನ್ನ ಮಟ್ಟಿಗೆ ಈ ಶಾಸ್ತ್ರ ಶುರುವಾಗುವುದು 1965ರಲ್ಲಿ. ಲೀಡ್ಸ್‌ನ ಡಿ. ಜೆ. ಗೀ ಮನುಷ್ಯನ ಕೊಬ್ಬನ್ನು ಚರ್ಮದಲ್ಲಿ, ಮೇಲೆ ಬಟ್ಟೆಯಲ್ಲಿ ಸುತ್ತಿ, ಒಂದು ತುದಿಗೆ ಬೆಂಕಿ ಕೊಟ್ಟ. ಗಾಳಿ ಆಡುತ್ತಿದ್ದಾಗ ಗೇಣುದ್ದದ ಆ ಸುರುಳಿ ನಿಧಾನವಾಗಿ, ಸುಮಾರು ಒಂದು ಗಂಟೆ ಉರಿಯಿತು. ಕರಗಿದ ಕೊಬ್ಬನ್ನು ಬಟ್ಟೆ ಹೀರಿಕೊಂಡು ದೀಪದ ಬತ್ತಿಯ ಕೆಲಸ ಮಾಡಿತ್ತು. 1984ರಲ್ಲಿ ನಿಕಲ್ ಮತ್ತು ಫಿಷರ್ ಮೂವತ್ತು ಹಳೆಯ ಪ್ರಕರಣಗಳನ್ನು ಕೆದಕಿದರೆ, ಹಲವೆಡೆ ಪಕ್ಕದಲ್ಲೇ ಮೇಣದಬತ್ತಿ, ಅಗ್ಗಿಷ್ಟಿಕೆ, ಪೈಪು! 1998ರಲ್ಲಿ ಜಾನ್ ಡಿಹಾನ್ ಹಂದಿಯ ಶವವನ್ನು ಕಂಬಳಿಯಲ್ಲಿ ಸುತ್ತಿ, ಚೂರು ಪೆಟ್ರೋಲ್ ಹಾಕಿ ಹೊತ್ತಿಸಿದ. ಸಣ್ಣ ಜ್ವಾಲೆ ಗಂಟೆಗಟ್ಟಲೆ ಉರಿದು ಮೂಳೆಯನ್ನೂ ಪುಡಿ ಮಾಡಿತು. ಕೊಬ್ಬಿಲ್ಲದ ಪಾದಗಳು ಉಳಿದವು. ಚಿತೆ ಆರಿದ ಮೇಲೆ ಅಸ್ಥಿ ಆಯ್ದವರಿಗೆ ಮೂಳೆ ಪುಡಿಯಾದದ್ದು ನಂಬಲಾಗದು. ಆದರೆ ಸವೆದ ಮೂಳೆ ಬೇಗ ಒಡೆಯುತ್ತದೆಂದು 2002ರಲ್ಲಿ ಆಂಜಿ ಕ್ರಿಸ್ಟೆನ್‌ಸನ್ ತೋರಿಸಿದಳು. ಮುದುಕಿಯರೇ ಏಕೆ ಎಂಬುದಕ್ಕೆ ಲೇರ್ ಕೊಟ್ಟದ್ದಕ್ಕಿಂತ ಇದು ಮರ್ಯಾದಸ್ಥ ಉತ್ತರ. ಮೈಯಲ್ಲಿ ಸೇರಿಕೊಂಡ ಅಸಿಟೋನೇ ಹೊತ್ತಿಕೊಳ್ಳುತ್ತದೆ ಎಂಬ 2012ರ ವಾದಕ್ಕೆ ಒಂದು ಸಾಲು ಸಾಕು: ಹಂದಿಮಾಂಸವನ್ನು ಅಸಿಟೋನಿನಲ್ಲಿ ನೆನೆಸಿದರೆ ಉರಿಯುತ್ತದೆ, ಅದಕ್ಕೂ ಕಿಡಿ ಬೇಕು.

ಇಷ್ಟೆಲ್ಲ ಆದಮೇಲೂ 2011ರಲ್ಲಿ ಐರ್ಲೆಂಡಿನ ಗಾಲ್ವೇಯ ಮರಣವಿಚಾರಣಾಧಿಕಾರಿ ಒಬ್ಬ ವೃದ್ಧನ ಸಾವನ್ನು ಸ್ವಯಂದಹನವೆಂದೇ ಬರೆದರು. ಬತ್ತಿಯ ಸಿದ್ಧಾಂತ ಉರಿದ ಬಗೆಯನ್ನು ವಿವರಿಸುತ್ತದೆ, ಹೊತ್ತಿಸಿದ್ದು ಯಾವುದು ಎಂದು ಹೇಳುವುದಿಲ್ಲ. ಅದು ಸ್ಥಳ ಮಹಜರಿನ ಕೆಲಸ. ನಮ್ಮಲ್ಲಿ ಆ ಜಾಗವನ್ನು ‘ಸ್ಟೌವ್ ಸಿಡಿದು’ ಎಂಬ ಎರಡು ಪದ ತುಂಬುತ್ತಿದ್ದವು. ಅಂಥ ಹೆಣ್ಣುಮಕ್ಕಳ ಸಾವುಗಳನ್ನು ತೊಂಬತ್ತರ ದಶಕದಲ್ಲಿ ಬೆಂಗಳೂರಿನ ಮಹಿಳಾ ಸಂಘಟನೆ ‘ವಿಮೋಚನಾ’ ಮತ್ತೆ ಕೆದಕಬೇಕಾಯಿತು. ಮೇಲಿನ ಯಾವ ಪ್ರಯೋಗದಲ್ಲೂ ಸಿಂಥೆಟಿಕ್ ಸೀರೆಯಿಲ್ಲ, ಸಿಮೆಂಟು ನೆಲವಿಲ್ಲ, ಸೀಮೆಎಣ್ಣೆಯ ಡಬ್ಬವಿಲ್ಲ.