ಕ್ಯಾಮೆರಾ ವಾಲಲು ಕಲಿತ ಬಗೆ

ಟೆಲಿವಿಷನ್ನಿಗೆ ತಾನಾಗಿ ಒಗ್ಗುವ ಆಟಗಳಿವೆ, ಜಗ್ಗಿ ಎಳೆದು ಒಗ್ಗಿಸಬೇಕಾದ ಆಟಗಳೂ ಇವೆ. ಟೆನಿಸ್ ಮೊದಲನೆಯ ಜಾತಿಯದು. ಅಂಗಳ ಚಿಕ್ಕದು, ಆಡುವವರು ಇಬ್ಬರು, ಎತ್ತರದಲ್ಲಿ ಒಂದು ಕ್ಯಾಮೆರಾ ಕೂತರೆ ಮುಕ್ಕಾಲು ಕೆಲಸ ಮುಗಿದಂತೆ. ಬೈಕುಗಳ ರೇಸು ಎರಡನೆಯ ಜಾತಿಯಲ್ಲಿಯೂ ತೀರ ಹಟಮಾರಿಯಾದದ್ದು. ನಾಲ್ಕೈದು ಕಿಲೋಮೀಟರು ಉದ್ದದ ದಾರಿ, ಇಪ್ಪತ್ತು ಚಿಲ್ಲರೆ ಸವಾರರು, ನೇರ ದಾರಿ ಸಿಕ್ಕಿದಲ್ಲಿ ಗಂಟೆಗೆ 300 ಕಿಲೋಮೀಟರು ದಾಟುವ ವೇಗ. ದೂರದಿಂದ ಎಳೆದು ತೋರಿಸುವ ಲೆನ್ಸಿನಲ್ಲಿ ಹಿಂದಿನ ಬೈಕು ಮುಂದಿನದರ ಬೆನ್ನಿಗೆ ಅಂಟಿಕೊಂಡಂತೆ ಕಾಣುತ್ತದೆ. ನಿಜದಲ್ಲಿ ನಡುವೆ ಹತ್ತಾರು ಮಾರು ಇರುತ್ತದೆ. ಆ ಲೆನ್ಸು ವೇಗವನ್ನಂತೂ ನುಂಗಿಯೇ ಬಿಡುತ್ತದೆ. ನೋಡುವವನಿಗೆ ಬಣ್ಣಬಣ್ಣದ ಜೀರುಂಡೆಗಳು ಸಾಲಾಗಿ ಹರಿದು ಹೋದಂತೆ ಕಾಣುತ್ತದೆ, ಅಷ್ಟೆ.

ಮೂವತ್ತು ವರ್ಷಗಳಿಂದ ಈ ರೇಸನ್ನು ಟೀವಿಯಲ್ಲಿಯೇ ನೋಡಿಕೊಂಡು ಬಂದವನು ನಾನು. ಆದ್ದರಿಂದ ರೇಸಿನ ಚರಿತ್ರೆಗಿಂತ ಅದನ್ನು ತೋರಿಸಿದ ಬಗೆಯ ಚರಿತ್ರೆಯೇ ನನಗೆ ಹೆಚ್ಚು ಹತ್ತಿರದ್ದು.

ಆರಂಭದಲ್ಲಿ ತೋರಿಸುವುದಿರಲಿ, ನೋಡುವುದೇ ಕಷ್ಟವಿತ್ತು. ಐಲ್ ಆಫ್ ಮ್ಯಾನ್ ದ್ವೀಪದ ಟಿಟಿ ರೇಸು 1907ರಲ್ಲಿ ಶುರುವಾದದ್ದು. ಅದರ ಬೆಟ್ಟದ ದಾರಿಯ ಒಂದು ಸುತ್ತೇ ಸುಮಾರು 60 ಕಿಲೋಮೀಟರು. ಊರು, ಸೇತುವೆ, ಕಲ್ಲಿನ ಬೇಲಿಗಳ ನಡುವೆ ಹಾಯುವ ಸಾಮಾನ್ಯ ರಸ್ತೆ. ಬೇಲಿಯ ಬಳಿ ನಿಂತವನಿಗೆ ಕಾಣುವುದು ಸುತ್ತಿಗೊಂದು ಕ್ಷಣ. ನಮ್ಮ ಮೈಸೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಜಂಬೂ ಸವಾರಿಯ ದಿನ ಬೆಳಗಿನಿಂದ ಸಯ್ಯಾಜಿರಾವ್ ರಸ್ತೆಯಲ್ಲಿ ಕಾಲು ನೋಯಿಸಿಕೊಂಡು ನಿಂತವನಿಗೆ ಅಂಬಾರಿ ಎರಡು ನಿಮಿಷ ಕಾಣುತ್ತದೆ. ಮನೆಯಲ್ಲಿ ರೇಡಿಯೋ ಹಚ್ಚಿಕೊಂಡು ಕೂತ ಅಜ್ಜಿಗೆ ಅರಮನೆಯಿಂದ ಬನ್ನಿಮಂಟಪದವರೆಗೂ ಮೆರವಣಿಗೆಯೆಲ್ಲ ಕಾಣುತ್ತದೆ. ಟಿಟಿಯ ಅಜ್ಜಿಯರಿಗೆ ಬಿಬಿಸಿ ರೇಡಿಯೋ ಇತ್ತು. ಅಲ್ಲಿ ವಿವರಣೆ ಹೇಳುತ್ತಿದ್ದ ಗ್ರಹಾಂ ವಾಕರ್ ಸ್ವತಃ 1931ರಲ್ಲಿ ಅದೇ ದ್ವೀಪದಲ್ಲಿ ಗೆದ್ದವರು. 1949ರಲ್ಲಿ ವಿಶ್ವ ಚಾಂಪಿಯನ್‌ಷಿಪ್ ಎಂಬುದು ಮೊದಲಾಯಿತು. ಅದರ ಮೊಟ್ಟಮೊದಲ ಸ್ಪರ್ಧೆಯೂ ಟಿಟಿಯೇ. ಅದೇ ವರ್ಷ ಗ್ರಹಾಂ ಅವರ ಮಗ ಮರ್ರೆ ತಂದೆಯ ಜೊತೆ ಮೈಕಿನ ಮುಂದೆ ಕೂತರು. ಮುಂದೆ ಕಾರು ರೇಸಿನ ದನಿಯೆಂದೇ ಜಗತ್ತು ಗುರುತಿಸಿದ ಮರ್ರೆ ವಾಕರ್ ಇವರೇ. ಬೈಕಿನ ಮನೆಯಿಂದ ಕಾರಿನ ಮನೆಗೆ ಹೋದ ಅಳಿಯನೆಂದು ನಾವು ಅವರನ್ನು ಕ್ಷಮಿಸಿದ್ದೇವೆ.

1960ರ ದಶಕದಲ್ಲಿ ಇಂಗ್ಲೆಂಡಿನ ಟೀವಿಯವರು ಒಂದು ಉಪಾಯ ಕಂಡುಕೊಂಡರು. ದಾರಿ ಉದ್ದವಾದರೆ ತಾನೆ ತೊಂದರೆ? ಗುಡ್ಡದ ಬದಿಯ ಕೆಸರು ಗದ್ದೆಯಲ್ಲಿ ನಡೆಯುವ ಸ್ಕ್ರ್ಯಾಂಬಲ್ ರೇಸುಗಳನ್ನು ಚಳಿಗಾಲದ ಶನಿವಾರಗಳಂದು ತೋರಿಸತೊಡಗಿದರು. ಸುತ್ತು ಚಿಕ್ಕದು, ವೇಗ ಕಡಿಮೆ, ಬೀಳುವುದು ಏಳುವುದು ಧಾರಾಳ, ಮೂರು ನಾಲ್ಕು ಕ್ಯಾಮೆರಾ ಸಾಕು. ಕಂಬಳವನ್ನು ಟೀವಿಯಲ್ಲಿ ನೋಡಿದವರಿಗೆ ಇದರ ಗುಟ್ಟು ತಿಳಿಯುತ್ತದೆ. ಕೆಸರು ಹಾರಿದರೆ ವೇಗ ಕಣ್ಣಿಗೆ ಕಾಣುತ್ತದೆ; ಟಾರಿನ ಮೇಲೆ ಏನೂ ಹಾರುವುದಿಲ್ಲ.

ಟಾರಿನ ರೇಸಿಗೆ ಮನೆಮನೆಯ ಹೆಸರನ್ನು ಕೊಟ್ಟದ್ದು ಒಂದು ಅಪಘಾತ. 1975ರಲ್ಲಿ ಅಮೆರಿಕದ ಡೇಟೋನಾದಲ್ಲಿ ಬ್ಯಾರಿ ಶೀನ್ ಅಭ್ಯಾಸದಲ್ಲಿದ್ದಾಗ, ಗಂಟೆಗೆ ಸುಮಾರು 280 ಕಿಲೋಮೀಟರು ವೇಗದಲ್ಲಿ, ಹಿಂದಿನ ಟೈರು ಸಿಡಿಯಿತು. ಆಗ ಥೇಮ್ಸ್ ಟೆಲಿವಿಷನ್ನಿನ ತಂಡವೊಂದು ಅವನ ಮೇಲೆ ಸಾಕ್ಷ್ಯಚಿತ್ರ ತೆಗೆಯಲು ಅಲ್ಲೇ ಬಿಡಾರ ಹೂಡಿತ್ತು. ತೊಡೆಯ ಮೂಳೆ, ಕೈ, ಕೊರಳೆಲುಬು, ಪಕ್ಕೆಲುಬು ಎಲ್ಲ ಮುರಿದವನು ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿಕೊಂಡೇ ಕ್ಯಾಮೆರಾದ ಮುಂದೆ ತಮಾಷೆಯಾಗಿ ಮಾತಾಡಿದ. ಏಳು ವಾರಕ್ಕೆ ಮತ್ತೆ ಬೈಕು ಹತ್ತಿದ. 1976 ಮತ್ತು 1977ರಲ್ಲಿ 500 ಸಿಸಿ ವಿಶ್ವ ಪಟ್ಟ ಗೆದ್ದ. ಆ ಗೆಲುವಿಗಿಂತ ಮುಂಚೆಯೇ ಅವನು ಇಂಗ್ಲೆಂಡಿನ ಮನೆಗಳಿಗೆ ಪರಿಚಿತನಾಗಿದ್ದ. ಆಗಿನಿಂದಲೇ, ಗೆದ್ದವನನ್ನು ತೋರಿಸುವುದಕ್ಕಿಂತ ಬಿದ್ದವನನ್ನು ತೋರಿಸಿದರೆ ಜನ ಹೆಚ್ಚು ನೋಡುತ್ತಾರೆ ಎಂಬ ಅರಿವು ಈ ಆಟದ ಜೊತೆ ಅಂಟಿಕೊಂಡಿತು. ಶೀನ್ ಕೊನೆಗೆ ಆಸ್ಟ್ರೇಲಿಯಾಕ್ಕೆ ಹೋಗಿ ನೆಲೆಸಿ ತಾನೇ ಟೀವಿಯ ವಿವರಣೆಗಾರನಾದ. 2003ರಲ್ಲಿ ಕ್ಯಾನ್ಸರಿನಿಂದ ತೀರಿಕೊಂಡ.

ನಮ್ಮೂರಿನ ಮಾತಿಗೆ ಬರುತ್ತೇನೆ. ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಬೈಕು ತಯಾರಿಸತೊಡಗಿತು. ಚೆಕೊಸ್ಲೊವಾಕಿಯಾದ ಜಾವಾ ಕಂಪನಿಯ ಯಂತ್ರ, ನಮ್ಮವರ ಕೈ. ಅದೇ 1961ರಲ್ಲಿ ಫ್ರಾಂಟಿಶೆಕ್ ಶ್ಟಾಸ್ಟ್ನಿ ಎಂಬ ಚೆಕ್ ಸವಾರ ಜಾವಾ ಬೈಕಿನಲ್ಲಿ 350 ಸಿಸಿ ವಿಶ್ವ ಚಾಂಪಿಯನ್‌ಷಿಪ್ಪಿನ ಎರಡನೆಯ ಸ್ಥಾನಕ್ಕೆ ಬಂದಿದ್ದ. 1969ರಲ್ಲಿ ಪೂರ್ವ ಜರ್ಮನಿಯ ಸಾಕ್ಸೆನ್‌ರಿಂಗ್‌ನಲ್ಲಿ ಬಿಲ್ ಐವಿ ಎಂಬ ಇಂಗ್ಲಿಷ್ ಸವಾರ ಸತ್ತದ್ದೂ ಜಾವಾದ ಮೇಲೆಯೇ. ಆ ಹೆಸರಿನ ಬೈಕನ್ನು ದಿನವೂ ಜೋಡಿಸುತ್ತಿದ್ದ ಊರಿನಲ್ಲಿ ಇವನ್ನು ಕಂಡವರಿರಲಿಲ್ಲ. ಕಾಣುವುದಾದರೂ ಹೇಗೆ? ಬೆಂಗಳೂರು ದೂರದರ್ಶನ ಕೇಂದ್ರ ಬಂದದ್ದೇ 1981ರಲ್ಲಿ. ಜಾವಾ, ಆಮೇಲೆ ಯೆಜ್ಡಿ ಎಂದರೆ ನಮಗೆ ಹಾಲಿನವರ, ಮೇಷ್ಟರ, ಪೊಲೀಸರ ಗಾಡಿ. ಆ ಟುಪ್ ಟುಪ್ ಸದ್ದಿಗೆ ಬೇರೊಂದು ದೇಶದಲ್ಲಿ ಬೇರೊಂದು ಜನ್ಮವಿದೆ ಎಂಬುದು ಸದ್ದು ಅಡಗುವ ಕಾಲಕ್ಕೆ ತಿಳಿಯಿತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಅಷ್ಟು ಹೊತ್ತಿಗೆ ಬೀದಿಯ ತೆಂಗಿನ ಮರಗಳ ಮೇಲೆ ಹಾದು ಕೇಬಲ್ ಟೀವಿ ಮನೆಯೊಳಗೆ ಬಂದಿತ್ತು.

ಆ ಕೇಬಲ್ಲಿನ ಪ್ರತಾಪ ಏನೆಂದು ಹೇಳಲಿ! ರೇಸು ಯಾವತ್ತು, ಎಷ್ಟು ಗಂಟೆಗೆ ಎಂಬುದು ಯಾವ ಪತ್ರಿಕೆಯಲ್ಲೂ ಬರುತ್ತಿರಲಿಲ್ಲ. ಭಾನುವಾರ ರಾತ್ರಿ ವಾಹಿನಿ ತಿರುಗಿಸುತ್ತ ಕೂತರೆ ಒಮ್ಮೊಮ್ಮೆ ಸಿಕ್ಕುತ್ತಿತ್ತು. ಕೊನೆಯ ಎರಡು ಸುತ್ತು ಉಳಿದಿರುವಾಗ ನಮ್ಮ ಬೀದಿಯ ಕೇಬಲ್ಲಿನವನಿಗೆ ಸಿನಿಮಾ ಹಾಕುವ ಸಮಯವಾಗುತ್ತಿತ್ತು. ಗೆದ್ದವನು ಯಾರೆಂದು ತಿಳಿಯಲು ಮುಂದಿನ ರೇಸಿನವರೆಗೆ ಕಾಯಬೇಕು. ಹಾಗಿದ್ದರೂ ನೋಡುತ್ತಿದ್ದೆವು. ಆರ್‌ಎಕ್ಸ್ 100 ಬೈಕಿನ ಸೈಲೆನ್ಸರು ಕಿತ್ತು ಓಡಿಸುತ್ತಿದ್ದ ಹುಡುಗರು, ಅದೇ ಟೂ ಸ್ಟ್ರೋಕ್ ಸದ್ದು ಐದು ಪಟ್ಟು ದೊಡ್ಡ ಎಂಜಿನ್ನಿನಿಂದ ಬರುವುದನ್ನು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದರು. 2002ರಲ್ಲಿ ಮೋಟೋಜಿಪಿ ಎಂಬ ಹೊಸ ಹೆಸರಿನೊಡನೆ 990 ಸಿಸಿ ಫೋರ್ ಸ್ಟ್ರೋಕ್ ಬೈಕುಗಳು ಬಂದ ಮೇಲೆ ಆ ಕೀರಲು ದನಿ ದೊಡ್ಡ ರೇಸಿನಿಂದ ಮಾಯವಾಯಿತು.

ಇಷ್ಟಾದರೂ ಚಿತ್ರ ನಮ್ಮವರೆಗೆ ಬಂದದ್ದಕ್ಕೆ ಒಂದು ಕಾರಣವಿತ್ತು. 1992ರಿಂದ ರೇಸಿನ ಟೀವಿ ಹಕ್ಕುಗಳನ್ನು ಸ್ಪೇನಿನ ಡೋರ್ನಾ ಎಂಬ ಕಂಪನಿ ವಹಿಸಿಕೊಂಡಿತು. ಒಬ್ಬನೇ ತೆಗೆಯುವುದು, ಎಲ್ಲರಿಗೂ ಅದನ್ನೇ ಮಾರುವುದು ಎಂಬ ಪದ್ಧತಿ ಬಂತು. ಬೈಕಿನ ಮೇಲೆಯೇ ಕೂರುವ ಪುಟ್ಟ ಕ್ಯಾಮೆರಾಗಳೂ ಬೆಳೆದವು. ಆದರೆ ಅಲ್ಲೊಂದು ಸೋಜಿಗ ನೋಡಿ. ಬೈಕಿಗೆ ಬಿಗಿದ ಕ್ಯಾಮೆರಾ ಬೈಕಿನೊಂದಿಗೆ ತಾನೂ ವಾಲುತ್ತದೆ. ಆದ್ದರಿಂದ ಪರದೆಯ ಮೇಲೆ ಬೈಕು ನೆಟ್ಟಗೇ ಇರುತ್ತದೆ, ಭೂಮಿ ಆಕಾಶಗಳು ಓರೆಯಾಗುತ್ತವೆ. ಈ ಆಟದ ಜೀವವೇ ವಾಲುವುದರಲ್ಲಿದೆ. ಸವಾರನೊಡನೆ ಕೂತ ಕ್ಯಾಮೆರಾಕ್ಕೆ ಅದೊಂದೇ ಕಾಣುತ್ತಿರಲಿಲ್ಲ! 2010ರ ಸುಮಾರಿಗೆ ಗೈರೋಸ್ಕೋಪು ಜೋಡಿಸಿದ ಕ್ಯಾಮೆರಾ ಬಂತು. ಬೈಕು ಎಷ್ಟೇ ವಾಲಲಿ, ಅದು ದಿಗಂತವನ್ನು ಮಟ್ಟಸವಾಗಿ ಹಿಡಿದಿಡುತ್ತದೆ. ಬೈಕು ಅದರ ಕೆಳಗೆ 60 ಡಿಗ್ರಿಗೂ ಮೀರಿ ನೆಲಕ್ಕೆ ಒರಗುವುದು, ಸವಾರನ ಮೊಣಕೈ ಟಾರಿಗೆ ಉಜ್ಜುವುದು ಕಂಡವು. ಮೊದಲ ಸಲ ಅದನ್ನು ನೋಡಿದಾಗ ನಾನು ಕುರ್ಚಿಯ ಕೈ ಹಿಡಿದುಕೊಂಡಿದ್ದೆ. ಅಷ್ಟು ವರ್ಷ ನೋಡಿದ್ದನ್ನೆಲ್ಲ ಮತ್ತೆ ಮೊದಲಿನಿಂದ ನೋಡಬೇಕೆನಿಸಿತು. 2022ರಲ್ಲಿ ಸವಾರನ ಭುಜದ ಮೇಲೂ ಕ್ಯಾಮೆರಾ ಏರಿತು.

ಕಣ್ಣುಗಳು ಹೆಚ್ಚಿದ ಹಾಗೆ ನಿಜ ಹೆಚ್ಚು ತಿಳಿಯಬೇಕಲ್ಲವೆ? 2015ರ ಅಕ್ಟೋಬರ್ 25ರಂದು ಮಲೇಷ್ಯಾದ ಸೆಪಾಂಗ್‌ನಲ್ಲಿ ಹಾಗಾಗಲಿಲ್ಲ. ಮೂರನೆಯ ಸ್ಥಾನಕ್ಕಾಗಿ ವ್ಯಾಲೆಂಟಿನೋ ರೋಸ್ಸಿ, ಮಾರ್ಕ್ ಮಾರ್ಕೆಜ್ ಇಬ್ಬರೂ ಸುತ್ತು ಸುತ್ತಿಗೂ ಒಬ್ಬರನ್ನೊಬ್ಬರು ಹಿಂದಿಕ್ಕುತ್ತಿದ್ದರು. ಏಳನೆಯ ಸುತ್ತಿನ ಒಂದು ತಿರುವಿನಲ್ಲಿ ರೋಸ್ಸಿ ಒಳಗಿನಿಂದ ಬಂದು ಅಗಲಕ್ಕೆ ಹೋದ, ತಿರುಗಿ ನೋಡಿದ, ಇಬ್ಬರೂ ತಾಗಿದರು, ಮಾರ್ಕೆಜ್ ಬಿದ್ದ. ಹೆಲಿಕಾಪ್ಟರಿನಿಂದ ನೋಡಿದರೆ ಒಂದು ಕಥೆ, ಬೈಕಿನ ಕ್ಯಾಮೆರಾದಿಂದ ನೋಡಿದರೆ ಇನ್ನೊಂದು. ಕಾಲಿನಿಂದ ಒದ್ದನೋ, ಕಾಲು ತಾನಾಗಿ ಜಾರಿತೋ? ಜಗತ್ತಿನ ಅಭಿಮಾನಿಗಳೆಲ್ಲ ಚೌಕಟ್ಟು ಚೌಕಟ್ಟಾಗಿ ಚಿತ್ರ ನಿಲ್ಲಿಸಿ ನ್ಯಾಯಾಧೀಶರಾದರು. ರೇಸಿನ ಅಧಿಕಾರಿಗಳು ಒದ್ದ ಆರೋಪವನ್ನು ಎತ್ತಿ ಹಿಡಿಯಲಿಲ್ಲ. ಬೇಕೆಂದೇ ಅಗಲಕ್ಕೆ ತಳ್ಳಿದ್ದಕ್ಕೆ 3 ದಂಡದ ಅಂಕ ಹಾಕಿದರು. ಹಳೆಯದೊಂದು ಅಂಕ ಸೇರಿ ರೋಸ್ಸಿ ಕೊನೆಯ ರೇಸನ್ನು ಎಲ್ಲರ ಹಿಂದಿನಿಂದ ಹೊರಡಬೇಕಾಯಿತು. ವೆಲೆನ್ಸಿಯಾದಲ್ಲಿ ನಾಲ್ಕನೆಯವನಾಗಿ ಬಂದ. ಪಟ್ಟ 325ಕ್ಕೆ 330 ಅಂಕಗಳಿಂದ ಜೋರ್ಗೆ ಲೊರೆಂಜೋನ ಪಾಲಾಯಿತು. ಆ ತುಣುಕನ್ನು ನಾನು ನೂರು ಸಲವಾದರೂ ನೋಡಿದ್ದೇನೆ. ತೀರ್ಪು ಸರಿಯೆಂಬುದು ನನ್ನ ಎಣಿಕೆ. ಆದರೆ ಹಳದಿ ಟೋಪಿಯ ನನ್ನ ಗೆಳೆಯರ ಮುಂದೆ ಅದನ್ನು ಹೇಳಿ ಊಟ ಮಾಡಿ ಬರುವುದು ಸಾಧ್ಯವಿಲ್ಲ. ಅವರೂ ನೋಡಿದ್ದು ಅದೇ ತುಣುಕನ್ನು.

ಇನ್ನು ತೋರಿಸಬಾರದ್ದರ ಮಾತು. 1993ರ ಸೆಪ್ಟೆಂಬರಿನಲ್ಲಿ ಇಟಲಿಯ ಮಿಸಾನೋದಲ್ಲಿ ವೇಯ್ನ್ ರೈನಿ ಎಲ್ಲರಿಗಿಂತ ಮುಂದಿದ್ದಾಗ ಬಿದ್ದ. ಎದೆಯಿಂದ ಕೆಳಗೆ ಮತ್ತೆಂದೂ ಚಲನೆ ಬರಲಿಲ್ಲ. 2011ರ ಅಕ್ಟೋಬರ್ 23ರಂದು ಅದೇ ಸೆಪಾಂಗ್‌ನಲ್ಲಿ, ಎರಡನೆಯ ಸುತ್ತಿನಲ್ಲಿ, ಮಾರ್ಕೋ ಸಿಮೊನ್ಚೆಲ್ಲಿ ಬಿದ್ದದ್ದನ್ನು ನಾವೆಲ್ಲ ನೇರವಾಗಿ ನೋಡಿದೆವು. ಹಿಂದಿನಿಂದ ಬರುತ್ತಿದ್ದವರಿಗೆ ತಪ್ಪಿಸಿಕೊಳ್ಳಲು ಜಾಗವಿರಲಿಲ್ಲ. ಗುಂಗುರು ಕೂದಲಿನ, ಸದಾ ನಗುವ, 24 ವರ್ಷದ ಹುಡುಗ. ರೇಸು ರದ್ದಾಯಿತು. ನಾನು ಟೀವಿ ಆರಿಸಿದರೂ ಚಿತ್ರ ಆರಲಿಲ್ಲ. ಪಕ್ಕದಲ್ಲಿ ಕೂತಿದ್ದ ಮಗಳು, "ಅಪ್ಪ, ಎದ್ದನಾ?" ಎಂದು ಕೇಳಿದಳು.

ಸವಾರನ ಸ್ಥಿತಿ ತಿಳಿಯುವವರೆಗೆ ಬಿದ್ದದ್ದನ್ನು ಮತ್ತೆ ತೋರಿಸದಿರುವ ಪದ್ಧತಿ ಈಗಿದೆ. ಸಣ್ಣ ಬೀಳುವಿಕೆಯಾದರೆ ಅರ್ಧ ನಿಮಿಷದಲ್ಲಿ ನಾಲ್ಕು ಕೋನಗಳಿಂದ ಮರುಪ್ರಸಾರ ಬರುತ್ತದೆ. ಬರದಿದ್ದರೆ, ಕ್ಯಾಮೆರಾ ಬೇರೆಲ್ಲೋ ಬೆಟ್ಟ, ಜನ, ನಿಂತ ಬೈಕುಗಳನ್ನು ತೋರಿಸತೊಡಗಿದರೆ, ಹಳೆಯ ನೋಡುಗರು ಮಾತು ನಿಲ್ಲಿಸುತ್ತಾರೆ. 2021ರ ಮೇ ತಿಂಗಳಲ್ಲಿ ಇಟಲಿಯ ಮುಜೆಲ್ಲೋದಲ್ಲಿ ಸ್ವಿಟ್ಜರ್‌ಲೆಂಡಿನ 19 ವರ್ಷದ ಜೇಸನ್ ಡುಪಾಸ್ಕಿಯೇ ಅರ್ಹತಾ ಸುತ್ತಿನಲ್ಲಿ ಬಿದ್ದು ಮರುದಿನ ತೀರಿಕೊಂಡ. ಶೀನ್‌ನ ಟೈರಿನ ಕಾಲದಿಂದ ಬೀಳುವುದನ್ನೇ ಮಾರಿದ ಟೆಲಿವಿಷನ್ನು ಇಷ್ಟು ಮರ್ಯಾದೆ ಕಲಿತದ್ದು ನನಗೆ ದೊಡ್ಡದಾಗಿ ಕಾಣುತ್ತದೆ. ಗೈರೋಸ್ಕೋಪಿಗಿಂತ ದೊಡ್ಡದು.

ಮಾರುವ ವ್ಯವಹಾರವಂತೂ ಬೆಳೆಯುತ್ತಲೇ ಇದೆ. ಇಂಗ್ಲೆಂಡಿನಲ್ಲಿ 2013ರವರೆಗೆ ಬಿಬಿಸಿಯಲ್ಲಿ ಬರುತ್ತಿದ್ದ ರೇಸು 2014ರಲ್ಲಿ ಚಂದಾ ಕಟ್ಟುವ ವಾಹಿನಿಗೆ ಹೋಯಿತು; ಇಟಲಿಯಲ್ಲಿಯೂ ಬಹುಪಾಲು ಅದೇ ವರ್ಷ ಅದೇ ಕಥೆ. 2025ರಲ್ಲಿ ಡೋರ್ನಾದ ಬಹುಪಾಲು ಒಡೆತನ, ಫಾರ್ಮುಲಾ ಒನ್ನನ್ನು ನಡೆಸುವ ಲಿಬರ್ಟಿ ಮೀಡಿಯಾದ ಕೈ ಸೇರಿತು. ಇತ್ತ ನಮ್ಮವರನ್ನು ತೋರಿಸುವ ಕ್ಯಾಮೆರಾ ಇನ್ನೂ ಹುಟ್ಟಬೇಕಾಗಿದೆ. ಬೆಂಗಳೂರಿನ ಸಿ. ಎಸ್. ಸಂತೋಷ್ 2015ರಲ್ಲಿ ಡಕಾರ್ ರ‍್ಯಾಲಿಯನ್ನು ಮುಗಿಸಿದ ಮೊದಲ ಭಾರತೀಯ. ಬೆಂಗಳೂರಿನ ಐಶ್ವರ್ಯ ಪಿಸ್ಸೆ 2019ರಲ್ಲಿ ಮಹಿಳೆಯರ ಬಾಹಾ ವಿಶ್ವಕಪ್ ಗೆದ್ದರು. ಮರುದಿನ ಪತ್ರಿಕೆಯಲ್ಲಿ ಓದಿದೆವು. ಉಡುಪಿಯ ಕೆ. ಪಿ. ಅರವಿಂದ್ ಅದೇ ವರ್ಷ ಡಕಾರ್ ಮುಗಿಸಿದರು. ನಮ್ಮ ಬೀದಿಯ ಹೆಂಗಸರಿಗೆ ಅವರ ಗುರುತು ಸಿಕ್ಕಿದ್ದು 2021ರಲ್ಲಿ, ಬಿಗ್ ಬಾಸ್ ಮನೆಯೊಳಗೆ. ಮರುಭೂಮಿಗೆ ಹೋಗದ ಕ್ಯಾಮೆರಾ ಅಡುಗೆಮನೆಗೆ ಹೋಗಿತ್ತು.

ಕೊನೆಗೆ 2023ರ ಸೆಪ್ಟೆಂಬರಿನಲ್ಲಿ ಮೋಟೋಜಿಪಿಯೇ ಭಾರತಕ್ಕೆ ಬಂತು, ಗ್ರೇಟರ್ ನೋಯ್ಡಾದ ಬುದ್ಧ ಸರ್ಕಿಟ್ಟಿಗೆ. ನೇರಪ್ರಸಾರದಲ್ಲಿ ಜಮ್ಮು ಕಾಶ್ಮೀರ, ಲಡಾಖ್ ಬಿಟ್ಟ ಭಾರತದ ನಕ್ಷೆ ತೋರಿಸಿ ಸಂಘಟಕರು ಕ್ಷಮೆ ಕೇಳಬೇಕಾಯಿತು. ಸೆಕೆಗೆ ಹೆದರಿ 24 ಸುತ್ತುಗಳ ರೇಸನ್ನು 21ಕ್ಕೆ ಇಳಿಸಿದರು. ಮಾರ್ಕೋ ಬೆಜ್ಜೆಕ್ಕಿ ಗೆದ್ದ, ಜೋರ್ಗೆ ಮಾರ್ಟಿನ್ ಎರಡನೆಯವನಾದ. ಆ ಮಾರ್ಟಿನ್ ರೇಸು ಮುಗಿದ ಮೇಲೆ ಮೈಯ ನೀರೆಲ್ಲ ಬತ್ತಿ ಕುಸಿದ. ನನ್ನ ಪರಿಚಯದ ಹುಡುಗರಿಬ್ಬರು ಬೆಂಗಳೂರಿನಿಂದ ರೈಲು ಹತ್ತಿ ಹೋಗಿ ಬಿಸಿಲಿನಲ್ಲಿ ಕೂತಿದ್ದರು. ರೇಸು ಮುಗಿದ ಹತ್ತು ನಿಮಿಷಕ್ಕೆ ಅವರಿಂದ ಫೋನು ಬಂತು. ಗದ್ದಲದ ನಡುವೆ ಕಿರುಚಿ ಕೇಳಿದರು: "ಸಾರ್, ನಿಮಗೆ ಟೀವಿಯಲ್ಲಿ ಕಂಡಿರುತ್ತದಲ್ಲ, ಮೂರನೆಯವನು ಯಾರು?"

ಕ್ವಾರ್ಟರಾರೋ ಎಂದೆ. ಅವರಿಗೆ ಕೇಳಿಸಲಿಲ್ಲ. ಎಂಜಿನ್ನಿನ ಸದ್ದಿಗೆ ಕಿವಿ ಇನ್ನೂ ಮುಚ್ಚಿಕೊಂಡಿದೆ ಎಂದು ಸಂತೋಷದಿಂದ ಹೇಳಿ ಫೋನು ಇಟ್ಟರು.