ಯಾರಾ ಕಣಿವೆಯ ದ್ರಾಕ್ಷಿ ಮತ್ತು ಬರಾಕ್‌ನ ಗುರಾಣಿ

ಮೆಲ್ಬರ್ನಿಗೆ ಬಂದ ನೆಂಟರನ್ನೆಲ್ಲ ಯಾರಾ ವ್ಯಾಲಿಗೆ ಕರೆದುಕೊಂಡು ಹೋಗುವುದು ನಮ್ಮ ಮನೆಯ ಪದ್ಧತಿ. ಊರಿಂದ ಪೂರ್ವಕ್ಕೆ ಒಂದು ಗಂಟೆ ಕಾರು ಓಡಿಸಿದರೆ ಸಾಕು. ನಾನು ಕುಡಿಯುವವನಲ್ಲ, ಹಾಗಾಗಿ ಡ್ರೈವರ್ ಕೆಲಸ ಯಾವಾಗಲೂ ನಂದೇ. ಎಲ್ಲರೂ ಗ್ಲಾಸ್ ಹಿಡಿದು ಮೂಸುತ್ತಾ ನಿಂತಾಗ ನನಗೆ ಮಾಡೋಕೆ ಬೇರೇನೂ ಕೆಲಸ ಇರೋದಿಲ್ಲ. ಗೋಡೆ ಮೇಲಿನ ಹಳೇ ಫೋಟೋಗಳನ್ನೂ ಬೋರ್ಡುಗಳನ್ನೂ ಓದುತ್ತೇನೆ. ಈ ಇತಿಹಾಸದ ಹುಚ್ಚು ಹತ್ತಿದ್ದೇ ಹಾಗೆ.

ಈ ಸಲ ಅಕ್ಕ, ಭಾವ ಬೆಂಗಳೂರಿಂದ ಬಂದಿದ್ದರು. ಜುಲೈ ತಿಂಗಳು, ಇಲ್ಲಿ ಕೊರೆಯುವ ಚಳಿ. ತೋಟ ನೋಡಿದ ಅಕ್ಕ, "ಅಯ್ಯೋ, ಎಲ್ಲಾ ಒಣಗಿ ಹೋಗಿದೆಯಲ್ಲೋ!" ಅಂದಳು. ಒಣಗಿಲ್ಲ, ನಿದ್ದೆ ಮಾಡ್ತಿವೆ ಅಂದೆ. ನಮ್ಮ ದೊಡ್ಡಬಳ್ಳಾಪುರದ ಕಡೆ ಬಳ್ಳಿಗೆ ನಿದ್ದೆ ಅನ್ನೋದೇ ಇಲ್ಲ, ಕತ್ತರಿಸಿ ಕತ್ತರಿಸಿ ವರ್ಷಕ್ಕೆ ಎರಡು ಬೆಳೆ ತೆಗೀತಾರೆ. ಇಲ್ಲಿ ಒಂದೇ ಬೆಳೆ. ತಂಪು ಜಾಗದಲ್ಲಿ ಹಣ್ಣು ನಿಧಾನಕ್ಕೆ ಮಾಗುತ್ತೆ, ಹುಳಿ ಉಳಿಯುತ್ತೆ. ಪಿನೋ ನ್ವಾರ್, ಶಾರ್ಡನೇ ಜಾತಿಗಳಿಗೆ ಬೇಕಾದ್ದೂ ಅದೇ.

ಕಥೆ ಶುರುವಾಗೋದು 1838ರಲ್ಲಿ. ರೈರಿ ಅನ್ನೋ ಅಣ್ಣತಮ್ಮಂದಿರು ದನಗಳನ್ನು ಹೊಡೆದುಕೊಂಡು ಉತ್ತರದಿಂದ ಬಂದು ಯೆರಿಂಗ್ ಎಂಬಲ್ಲಿ ಬೀಡುಬಿಟ್ಟು ಮೊದಲ ಬಳ್ಳಿಗಳನ್ನು ನೆಟ್ಟರು. 1850ರಲ್ಲಿ ಆ ಜಾಗ ಸ್ವಿಟ್ಜರ್ಲೆಂಡಿನ ಪಾಲ್ ದ ಕಾಸ್ಟೆಲಾನ ಕೈಗೆ ಬಂತು. ಆಗ ಇಲ್ಲಿ ಆಡಳಿತ ನಡೆಸುತ್ತಿದ್ದ ಲಾ ಟ್ರೋಬನ ಹೆಂಡತಿಯೂ ಸ್ವಿಸ್. ಹೀಗೆ ಒಬ್ಬರ ಹಿಂದೆ ಒಬ್ಬರು ಬಂದರು. ಪಾಲ್‌ನ ಅಣ್ಣ ಹ್ಯೂಬರ್ಟ್ ಸೇಂಟ್ ಹ್ಯೂಬರ್ಟ್ಸ್ ಮಾಡಿದ, ಗಿಯೋಮ್ ದ ಪ್ಯೂರಿ 1863ರಲ್ಲಿ ಯೆರಿಂಗ್‌ಬರ್ಗ್ ಮಾಡಿದ. 1881ರಲ್ಲಿ ಮೆಲ್ಬರ್ನಿನ ಅಂತರರಾಷ್ಟ್ರೀಯ ಪ್ರದರ್ಶನದಲ್ಲಿ ಸೇಂಟ್ ಹ್ಯೂಬರ್ಟ್ಸಿಗೆ ಜರ್ಮನ್ ಚಕ್ರವರ್ತಿಯ ಬಹುಮಾನ. 1889ರಲ್ಲಿ ಪ್ಯಾರಿಸ್ಸಿನಲ್ಲಿ ಯೆರಿಂಗ್ ವೈನಿಗೆ ಗ್ರಾಂ ಪ್ರೀ. ಫ್ರೆಂಚರ ಊರಿಗೇ ಹೋಗಿ ವೈನಿಗೆ ಬಹುಮಾನ ತರೋದು ಅಂದ್ರೆ ತಮಾಷೆಯಲ್ಲ!

ಆಮೇಲೆ? ಎಲ್ಲ ಮಾಯ. 1921ರಲ್ಲಿ ಯೆರಿಂಗ್‌ಬರ್ಗಿನ ಕೊನೆಯ ವೈನ್ ಆಯ್ತು. ಬಳ್ಳಿ ಕಿತ್ತ ಜಾಗದಲ್ಲಿ ಹಸುಗಳು ಮೇಯತೊಡಗಿದವು. ತುಂಬಾ ಜನ ಇದನ್ನು ಫಿಲಾಕ್ಸೆರಾ ಅನ್ನೋ ಬೇರು ತಿನ್ನುವ ಹುಳದ ತಲೆಗೆ ಕಟ್ಟುತ್ತಾರೆ. ಆ ಹುಳ 1877ರಲ್ಲಿ ಜೀಲಾಂಗ್ ಹತ್ತಿರ ಕಾಣಿಸಿಕೊಂಡು ಅಲ್ಲಿನ ತೋಟಗಳನ್ನು ಕಿತ್ತುಹಾಕಿಸಿದ್ದು ನಿಜ. ಆದರೆ ಯಾರಾ ಕಣಿವೆಯಲ್ಲಿ ಅದು ಪತ್ತೆಯಾಗಿದ್ದು 2006ರಲ್ಲಿ! ಹಳೇ ತೋಟಗಳನ್ನು ಕೊಂದದ್ದು ದುಡ್ಡು ಮತ್ತು ನಾಲಿಗೆ. 1893ರಲ್ಲಿ ಬ್ಯಾಂಕುಗಳು ಮುಳುಗಿದವು. 1901ರಲ್ಲಿ ಒಕ್ಕೂಟವಾದ ಮೇಲೆ ದಕ್ಷಿಣ ಆಸ್ಟ್ರೇಲಿಯಾದ ಅಗ್ಗದ ವೈನಿಗೆ ಗಡಿ ಸುಂಕ ಹೋಯ್ತು. ಜನಕ್ಕೆ ಸಿಹಿಯಾದ, ಖಡಕ್ಕಾದ ಪೋರ್ಟ್ ಥರದ್ದು ಬೇಕಾಯ್ತು. ಹಾಲಿಗಾದರೆ ದಿನಾ ಗಿರಾಕಿ ಉಂಟು.

1960ರ ದಶಕದಲ್ಲಿ ಮತ್ತೆ ನೆಡಲು ಶುರು ಮಾಡಿದವರಲ್ಲಿ ವಕೀಲರು, ವೈದ್ಯರೇ ಹೆಚ್ಚು! 1969ರಲ್ಲಿ ಅದೇ ದ ಪ್ಯೂರಿ ಮನೆತನದವರು ಯೆರಿಂಗ್‌ಬರ್ಗಿನಲ್ಲಿ ಮತ್ತೆ ಬಳ್ಳಿ ನೆಟ್ಟರು. 1971ರಲ್ಲಿ ಡಾಕ್ಟರ್ ಜಾನ್ ಮಿಡಲ್ಟನ್ ಮೌಂಟ್ ಮೇರಿ ಶುರುಮಾಡಿದರು. 1986ರಲ್ಲಿ ಫ್ರಾನ್ಸಿನ ಶಾಂಪೇನ್ ಕಂಪನಿಯೇ ಬಂದು ಕೂತಿತು.

ಬೋರ್ಡುಗಳಲ್ಲಿ ನಾನು ಓದಿದ ಕಥೆ ಸಾಮಾನ್ಯವಾಗಿ ಇಷ್ಟೇ. ಆವತ್ತು ಒಂದು ಕಡೆ ಭಾವ ಗ್ಲಾಸ್ ಕೆಳಗಿಟ್ಟು ಕೇಳಿದರು: "ಅಲ್ಲಯ್ಯಾ, 1838ಕ್ಕೆ ಮುಂಚೆ ಇಲ್ಲಿ ಯಾರೂ ಇರ್ಲಿಲ್ವಾ?"

ಇದ್ದರು. ವುರುಂಡ್ಜೆರಿ ಜನ. ಯಾರಾ ನದಿಗೆ ಅವರ ಹೆಸರು ಬಿರ್ರಾರಂಗ್. 1840ರ ಜನವರಿಯಲ್ಲಿ, ಇದೇ ಯೆರಿಂಗಿನಲ್ಲಿ, ಪೊಲೀಸರು ಅವರ ನಾಯಕ ಜಾಗಾ ಜಾಗಾನನ್ನು ಹಿಡಿದಿಟ್ಟಾಗ ಅವನ ಕಡೆಯವರು ಬಂದು ಬಡಿದಾಡಿ ಬಿಡಿಸಿಕೊಂಡು ಹೋದರು. ಆದರೆ ನೆಲ ಉಳಿಯಲಿಲ್ಲ. 1863ರಲ್ಲಿ, ಯೆರಿಂಗ್‌ಬರ್ಗ್ ಶುರುವಾದ ವರ್ಷವೇ, ಉಳಿದವರು ಬೆಟ್ಟ ದಾಟಿ ಬಂದು ಹೀಲ್ಸ್‌ವಿಲ್ ಬಳಿ ಕೊರಾಂಡರ್ಕ್ ಅನ್ನೋ ಊರು ಕಟ್ಟಿದರು. ಅವರೂ ಬೇಸಾಯ ಮಾಡಿದರು, ಬಿಯರಿಗೆ ಹಾಕುವ ಹಾಪ್ಸ್ ಬೆಳೆದರು. ಬೆಳೆ ಚೆನ್ನಾಗಿ ಬಂತು, ಲಾಭ ಮಾತ್ರ ಬೆಳೆದವರ ಕೈಗೆ ಬರಲಿಲ್ಲ. ಅವರ ಹಿರಿಯ ವಿಲಿಯಮ್ ಬರಾಕ್ ಜೊತೆಯವರನ್ನು ಕಟ್ಟಿಕೊಂಡು ಸುಮಾರು 60 ಕಿಲೋಮೀಟರ್ ದೂರದ ಮೆಲ್ಬರ್ನಿಗೆ ನಡೆದೇ ಹೋಗಿ ಮಂತ್ರಿಗಳಿಗೆ ಅಹವಾಲು ಕೊಟ್ಟ. 1881ರಲ್ಲಿ ವಿಚಾರಣೆಯೂ ನಡೆಯಿತು. ಹೌದು, ಆ ಚಕ್ರವರ್ತಿಯ ಬಹುಮಾನ ಬಂದ ವರ್ಷವೇ. ಆದರೆ 1886ರ ಕಾನೂನು 34 ವರ್ಷದೊಳಗಿನ ಮಿಶ್ರ ರಕ್ತದವರನ್ನೆಲ್ಲ ಊರು ಬಿಡಿಸಿತು. ದುಡಿಯುವ ಕೈಗಳೇ ಹೋದ ಮೇಲೆ ಊರು ಎಲ್ಲಿ ಉಳಿಯುತ್ತೆ? 1924ರಲ್ಲಿ ಕೊರಾಂಡರ್ಕ್ ಮುಚ್ಚಿತು.

ಅಂದರೆ ಮೂರೇ ವರ್ಷಗಳ ಅಂತರದಲ್ಲಿ ಈ ಕಣಿವೆಯಲ್ಲಿ ಎರಡು ಬೇಸಾಯಗಳು ನಿಂತವು. ಒಂದನ್ನು ಮಾರುಕಟ್ಟೆ ನಿಲ್ಲಿಸಿತು, ಇನ್ನೊಂದನ್ನು ಕಾನೂನು. ಮೊದಲನೆಯವರ ಹತ್ತಿರ ಜಮೀನಿನ ಪತ್ರ ಇತ್ತು, ಹಾಗಾಗಿ 48 ವರ್ಷ ಬಿಟ್ಟು ಮತ್ತೆ ಬಳ್ಳಿ ನೆಡಲು ಸಾಧ್ಯವಾಯ್ತು. ಕೊರಾಂಡರ್ಕಿನವರಿಗೆ ಅದರಲ್ಲಿ ಸುಮಾರು 200 ಎಕರೆ ವಾಪಸ್ ಸಿಗಲು 1999 ಆಗಬೇಕಾಯ್ತು.

ಇನ್ನೊಂದು ವಿಷಯ ಹೇಳಲೇಬೇಕು. ಬರಾಕ್ ದೊಡ್ಡ ಚಿತ್ರಕಾರ. 1897ರಲ್ಲಿ ಅವನು ದ ಪ್ಯೂರಿ ಮನೆತನದ ಜೂಲ್ಸ್‌ಗೆ ಒಂದು ಚಿತ್ರವನ್ನೂ, ಕೈಯಾರೆ ಕೆತ್ತಿದ ಒಂದು ಗುರಾಣಿಯನ್ನೂ ಕೊಟ್ಟಿದ್ದ. ಅವು ಸ್ವಿಟ್ಜರ್ಲೆಂಡಿಗೆ ಹೋಗಿ, ಕೊನೆಗೆ 2022ರ ಮೇ ತಿಂಗಳಲ್ಲಿ ನ್ಯೂಯಾರ್ಕಿನಲ್ಲಿ ಹರಾಜಿಗೆ ಬಂದವು. 2016ರಲ್ಲಿ ಬರಾಕ್‌ನ ಇನ್ನೊಂದು ಚಿತ್ರ ಹರಾಜಾದಾಗ ವುರುಂಡ್ಜೆರಿಗಳು ಚಂದಾ ಎತ್ತಿದರೂ ಸಾಲದೆ ಅದು ಕೈತಪ್ಪಿತ್ತು. ಈ ಸಲ ಜನ ದುಡ್ಡು ಹಾಕಿದರು, ವಿಕ್ಟೋರಿಯಾ ಸರ್ಕಾರ 5 ಲಕ್ಷ ಡಾಲರ್ ಕೊಟ್ಟಿತು. ಎರಡೂ ಊರಿಗೆ ಬಂದವು.

ಇದನ್ನೆಲ್ಲ ನಾನು ಹೇಳಿದ್ದು ಕಾರಿನಲ್ಲಿ, ವಾಪಸ್ ಬರುವಾಗ. ಭಾವ ಸುಮ್ಮನೆ ಕಿಟಕಿಯಾಚೆ ನೋಡುತ್ತಿದ್ದರು. ಅಕ್ಕ ಮಾತ್ರ, "ತಾನು ಕೊಟ್ಟ ಉಡುಗೊರೇನ ತನ್ನ ಮೊಮ್ಮಕ್ಕಳೇ ದುಡ್ಡು ಕೊಟ್ಟು ಬಿಡಿಸಿಕೊಳ್ಳಬೇಕಾಯ್ತಲ್ಲೋ" ಅಂದಳು. ನನಗೆ ಉತ್ತರ ಹೊಳೆಯಲಿಲ್ಲ.

ನೀವೂ ಯಾರಾದರೂ ಈ ಕಡೆ ಬಂದರೆ ಹೇಳಿ, ಡ್ರೈವರ್ ಇದ್ದೇನೆ. ವೈನ್ ಮುಗಿಸಿ ಹೀಲ್ಸ್‌ವಿಲ್ ಕಡೆಗೂ ಹೋಗಿಬರೋಣ. ಅಲ್ಲಿ ಬರಾಕ್‌ನನ್ನು ಮಣ್ಣು ಮಾಡಿದ ಕೊರಾಂಡರ್ಕಿನ ಸ್ಮಶಾನ ಇದೆ.